ಮೀನುಗಾರನ ವಂಶ ಬೇಕಾ? ಮೊದಲು ಅವನ ಹೆಂಡತಿಯ ತವರು ಹುಡುಕಿ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ವಂಶವೃಕ್ಷ ಬರೆಯಲು ಕೂತರೆ ಮೊದಲ ದಿನವೇ ತಲೆ ಕೆಡುತ್ತದೆ. ಊರು ತುಂಬಾ ಒಂದೇ ಹೆಸರಿನ ಗಂಡಸರು! ಮೋರೆ ಫರ್ತ್ ಕೊಲ್ಲಿಯ ದಡದ ಪೋರ್ಟ್‌ನಾಕಿಯಲ್ಲಿ ಮೇರ್, ವುಡ್, ಸ್ಲೇಟರ್, ಪಿರೀ, ಫಿಂಡ್ಲೆ. ಪಕ್ಕದ ಬಕ್ಕಿಯಲ್ಲಿ ಸ್ಮಿತ್, ಕೌಯಿ, ರೀಡ್. ಅದರ ಮೇಲೆ ಎಲ್ಲರಿಗೂ ಜೇಮ್ಸ್, ಜಾನ್, ವಿಲಿಯಂ, ಅಲೆಕ್ಸಾಂಡರ್ ಅಂತಲೇ ನಾಮಕರಣ. ಜೇಮ್ಸ್ ಮೇರ್ ಅಂತ ಹುಡುಕಿ ನೋಡಿ. ಒಂದೇ ಊರು, ಒಂದೇ ಕಾಲ, ಒಂದೇ ಕಸುಬಿನ ಜೇಮ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತಾರೆ.

ನನ್ನ ಅತ್ತೆಯ ತವರು ಈ ಪೋರ್ಟ್‌ನಾಕಿ. ನಾನು ಆ ಮನೆಗೆ ಸೊಸೆಯಾಗಿ ಬಂದವಳು. ಹಳೇ ಕಾಗದ ಹುಡುಕುವ ಹುಚ್ಚು ನನ್ನದು, ಹುಡುಕಿಸಿಕೊಳ್ಳುವ ಮನೆತನ ಅವರದು. ನಮ್ಮ ಕನ್ನಡದವರ ಮನೆಗಳಲ್ಲೂ ಈಗ ಸ್ಕಾಟ್ಲೆಂಡಿನ ಸೊಸೆ, ಅಳಿಯ ಇದ್ದಾರಲ್ವಾ? ಮಕ್ಕಳು ಒಂದಲ್ಲ ಒಂದು ದಿನ "ಆ ಕಡೆಯ ಮುತ್ತಜ್ಜ ಯಾರು" ಅಂತ ಕೇಳಿಯೇ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡಸನ್ನು ಒಬ್ಬನನ್ನೇ ಹುಡುಕಬೇಡಿ, ಜೋಡಿಯನ್ನು ಹುಡುಕಿ. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಹೆಂಗಸಿನ ತವರಿನ ಹೆಸರು, ಅಂದರೆ ಮದುವೆಗೆ ಮುಂಚಿನ ಮನೆತನದ ಹೆಸರು, ಮದುವೆಯಾದ ಮೇಲೂ ಅಳಿಸಿಹೋಗುವುದಿಲ್ಲ. ಅವಳ ಮಕ್ಕಳ ಜನನ ದಾಖಲೆಯಲ್ಲಿ, ಮಕ್ಕಳ ಮದುವೆಯಲ್ಲಿ, ಅವಳ ಸಾವಿನಲ್ಲಿ, ಕೊನೆಗೆ ಎಷ್ಟೋ ಸಮಾಧಿ ಕಲ್ಲುಗಳ ಮೇಲೂ ಅದೇ ಹೆಸರು ಇರುತ್ತದೆ. ಜೇಮ್ಸ್ ಮೇರ್‌ಗಳು ಎಷ್ಟೇ ಇರಲಿ, ಇಸಬೆಲ್ಲಾ ಸ್ಲೇಟರ್‌ಳನ್ನು ಕಟ್ಟಿಕೊಂಡ ಜೇಮ್ಸ್ ಮೇರ್‌ಗಳು ಒಬ್ಬಿಬ್ಬರೇ ಇರುತ್ತಾರೆ. ಕೆಲಸ ಅರ್ಧ ಮುಗಿಯಿತು.

ಮನೆಯ ಹಿರಿಯರಿಂದ ಶುರು

ಕಂಪ್ಯೂಟರ್ ತೆರೆಯುವ ಮೊದಲು ಹಿರಿಯರ ಹತ್ತಿರ ಕೂತುಕೊಳ್ಳಿ. ಆದರೆ "ನಿಮ್ಮ ಅಜ್ಜ ಹುಟ್ಟಿದ್ದು ಯಾವಾಗ" ಅಂತ ಕೇಳಬೇಡಿ. ನಮ್ಮ ಅತ್ತೆಗೆ ಒಂದು ಇಸವಿಯೂ ನೆನಪಿಲ್ಲ. ದೋಣಿ ಯಾವುದು ಅಂತ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. ಯಾರ ದೋಣಿಯಲ್ಲಿ ಯಾರಿದ್ದರು, ಯಾರ ಪಾಲು ಎಷ್ಟು, ಯಾವ ದೋಣಿ ಮಾರಿದ ವರ್ಷ ಯಾರ ಮದುವೆಯಾಯಿತು, ಎಲ್ಲ ಹೊರಬರುತ್ತದೆ. ಆ ಕಾಲದಲ್ಲಿ ಒಂದು ದೋಣಿಯ ಆಳುಗಳೆಂದರೆ ಹೆಚ್ಚಾಗಿ ಅಪ್ಪ, ಮಕ್ಕಳು, ಅಣ್ಣತಮ್ಮ, ಭಾವಮೈದುನ. ಹಾಗಾಗಿ ದೋಣಿಯ ಪಟ್ಟಿ ಸಿಕ್ಕರೆ ನೆಂಟರ ಪಟ್ಟಿ ಸಿಕ್ಕಂತೆ.

ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: ಟೀ-ನೇಮ್ ಏನು? ಹೆಸರುಗಳು ಇಷ್ಟು ಗೋಜಲಾದಾಗ ಊರವರೇ ಪ್ರತಿ ಮನೆಗೆ ಒಂದು ಅಡ್ಡಹೆಸರು ಇಟ್ಟುಕೊಂಡರು. ಅದೇ ಟೀ-ನೇಮ್. ಬಕ್ಕಿಯ ಅಡ್ಡಹೆಸರುಗಳನ್ನು 19ನೇ ಶತಮಾನದಲ್ಲೇ ಯಾರೋ ಪುಣ್ಯಾತ್ಮರು ಪಟ್ಟಿ ಮಾಡಿದ್ದಾರೆ: ಕ್ಯಾರೆಟ್, ಬಿಗ್‌ಲಗ್ಸ್, ಬ್ಯೂಟಿ, ಟೂಥಿ, ದಿ ಕಿಂಗ್. ಇದು ಬರೀ ತಮಾಷೆಯಲ್ಲ. ಅಪ್ಪನಿಂದ ಮಗನಿಗೆ ಬರುತ್ತಿತ್ತು, ಮತದಾರರ ಪಟ್ಟಿಯಲ್ಲೂ ಕಂದಾಯದ ಪುಸ್ತಕದಲ್ಲೂ ಸೇರುತ್ತಿತ್ತು, ಎಷ್ಟೋ ಸಲ ಜನನ ಮರಣದ ನೋಂದಣಿಯಲ್ಲೂ ಹೆಸರಿನ ಪಕ್ಕ ಕೂರುತ್ತಿತ್ತು. ಹತ್ತು ಜಾನ್ ಸ್ಮಿತ್‌ಗಳಲ್ಲಿ ನಿಮ್ಮವನು ಯಾರು ಅಂತ ಅದೊಂದೇ ಪದ ಹೇಳಿಬಿಡುತ್ತದೆ. ನಮ್ಮ ಅತ್ತೆಯ ಮನೆಯ ಟೀ-ನೇಮ್ ಇಲ್ಲಿ ಬರೆಯೋಣ ಅಂದರೆ ಅವರು ಒಪ್ಪಲಿಲ್ಲ. "ಅದು ಊರವರು ನಮ್ಮ ಬೆನ್ನ ಹಿಂದೆ ಕರೆಯೋದು, ಎದುರಿಗಲ್ಲ" ಅಂದರು. ಹಾಗಾಗಿ ಕೇಳುವಾಗ ಸ್ವಲ್ಪ ನಯವಾಗಿ ಕೇಳಿ.

1855ರಿಂದ ಈಚೆಗೆ

ಸ್ಕಾಟ್ಲೆಂಡಿನಲ್ಲಿ ಸರ್ಕಾರವೇ ಹುಟ್ಟು, ಮದುವೆ, ಸಾವು ಬರೆಯಲು ಶುರುಮಾಡಿದ್ದು 1855ರ ಜನವರಿ 1ರಿಂದ. ಇವೆಲ್ಲ ಈಗ ಸ್ಕಾಟ್ಲೆಂಡ್ಸ್ ಪೀಪಲ್ ಅನ್ನುವ ಸರ್ಕಾರಿ ಜಾಲತಾಣದಲ್ಲಿವೆ. ಹೆಸರು ಹುಡುಕಲು ದುಡ್ಡಿಲ್ಲ. ದಾಖಲೆಯ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಅದಕ್ಕೇ ಹೇಳಿದ್ದು, ಸುಮ್ನೆ ಸಿಕ್ಕ ಜೇಮ್ಸ್‌ನನ್ನೆಲ್ಲ ತೆರೆಯುತ್ತಾ ಹೋದರೆ ಜೇಬು ಖಾಲಿ.

ಮದುವೆಯ ದಾಖಲೆಯಿಂದ ಶುರುಮಾಡಿ. ಹುಡುಕುವಾಗ ಗಂಡು ಹೆಣ್ಣು ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕಬಹುದು. ತೆರೆದ ಮೇಲೆ ಅವಸರ ಮಾಡಬೇಡಿ, ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ಮೊದಲ ಕಾಲಮ್ಮಿನಲ್ಲಿ ದಿನಾಂಕ, ಜಾಗ, ಯಾವ ಚರ್ಚಿನ ಕ್ರಮದಲ್ಲಿ ಅಂತ ಇರುತ್ತದೆ. ಮೀನುಗಾರರ ಮದುವೆಗಳು ಹೆರ್ರಿಂಗ್ ಮೀನಿನ ಸುಗ್ಗಿ ಮುಗಿದು ಕೈಯಲ್ಲಿ ಕಾಸು ಓಡಾಡುವ ನವೆಂಬರ್, ಡಿಸೆಂಬರ್‌ನಲ್ಲೇ ಜಾಸ್ತಿ. ಎಷ್ಟೋ ಮದುವೆ ನಡೆದದ್ದು ಚರ್ಚಿನಲ್ಲಲ್ಲ, ಮನೆಯಲ್ಲಿ. ಆಮೇಲೆ ಇಬ್ಬರ ಸಹಿ, ಕಸುಬು. ಸಹಿಯ ಜಾಗದಲ್ಲಿ ಗುಣಾಕಾರದ ಗುರುತು ಇದ್ದರೆ ಬರೆಯಲು ಬರುತ್ತಿರಲಿಲ್ಲ ಅಂತ ಅರ್ಥ. ಮುಂದೆ ವಯಸ್ಸು, ವಾಸದ ಊರು. ಅದರಾಚೆಗಿನ ಕಾಲಮ್ಮೇ ಬಂಗಾರ: ಇಬ್ಬರ ಅಪ್ಪನ ಹೆಸರು, ಅವನ ಕಸುಬು, ಇಬ್ಬರ ಅಮ್ಮನ ಹೆಸರು, ಅಮ್ಮನ ತವರಿನ ಹೆಸರು. ತೀರಿಹೋದವರ ಮುಂದೆ ಹಾಗಂತ ಬರೆದಿರುತ್ತದೆ. ಇಂಗ್ಲೆಂಡಿನ ಮದುವೆ ದಾಖಲೆಯಲ್ಲಿ 2021ರವರೆಗೂ ಅಮ್ಮನ ಹೆಸರೇ ಇರುತ್ತಿರಲಿಲ್ಲ. ಇಲ್ಲಿ ಒಂದು ಹಾಳೆಯಲ್ಲಿ ಇನ್ನೆರಡು ಜೋಡಿಗಳು ಕೈಗೆ ಬಂದವು. ಕೊನೆಯಲ್ಲಿ ಸಾಕ್ಷಿಗಳು. ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಮದುಮಗಳ ತಂಗಿಯೋ ಮದುಮಗನ ದೋಣಿಯ ಜೊತೆಗಾರನೋ ಆಗಿರುತ್ತಾರೆ.

ನಿಮ್ಮ ಮನೆತನದಲ್ಲಿ 1855ರಲ್ಲಿ ಯಾರಾದರೂ ಹುಟ್ಟಿದ್ದರೆ ನಿಮ್ಮ ಅದೃಷ್ಟ. ಆ ಒಂದು ವರ್ಷದ ಜನನ ದಾಖಲೆಯಲ್ಲಿ ಅಪ್ಪ ಅಮ್ಮನ ವಯಸ್ಸು, ಹುಟ್ಟೂರು, ಮದುವೆಯಾದ ದಿನ ಮತ್ತು ಜಾಗ, ಮೊದಲಿನ ಮಕ್ಕಳಲ್ಲಿ ಎಷ್ಟು ಬದುಕಿವೆ ಎಷ್ಟು ತೀರಿಹೋಗಿವೆ, ಎಲ್ಲ ಬರೆಸಿದ್ದಾರೆ. ಬರೆಯುವವರಿಗೆ ಸಾಕುಸಾಕಾಯಿತೇನೋ, ಮರುವರ್ಷವೇ ಅಷ್ಟೂ ಕೈಬಿಟ್ಟರು. 1861ರಿಂದ ಅಪ್ಪ ಅಮ್ಮನ ಮದುವೆಯ ದಿನ, ಜಾಗ ಮಾತ್ರ ಮತ್ತೆ ಬಂತು.

ಸಾವಿನ ದಾಖಲೆಯಲ್ಲೂ ತೀರಿಕೊಂಡವರ ಅಪ್ಪ, ಅಮ್ಮ, ಅಮ್ಮನ ತವರು ಇರುತ್ತದೆ. 1855ರಲ್ಲೋ ಆಮೇಲೋ ಮುದುಕರಾಗಿ ತೀರಿಕೊಂಡವರ ದಾಖಲೆ ತೆರೆದರೆ 1700ರ ದಶಕಗಳಲ್ಲಿ ಹುಟ್ಟಿದ ಅವರ ಅಪ್ಪ ಅಮ್ಮ ಸಿಗುತ್ತಾರೆ. ಆದರೆ ಇದನ್ನು ಹೇಳಿದವರು ಯಾರು ಅಂತ ನೋಡಿಕೊಳ್ಳಿ. ಮಗಳು ಹೇಳಿದ್ದರೆ ಸರಿಯಿರುವ ಸಾಧ್ಯತೆ ಜಾಸ್ತಿ. ಅಳಿಯನೋ ಪಕ್ಕದ ಮನೆಯವನೋ ಹೇಳಿದ್ದರೆ ಅಜ್ಜಿಯ ತವರು ಅಡ್ಡಾದಿಡ್ಡಿ ಆಗಿರಬಹುದು. ಹೇಳಿದ ಮಗಳ ಮದುವೆಯ ನಂತರದ ಹೆಸರು ಅಲ್ಲೇ ಸಿಕ್ಕಿಬಿಡುವುದು ಇನ್ನೊಂದು ಲಾಭ.

ಪಕ್ಕದ ಅಂಚಿನಲ್ಲಿ ತಿದ್ದುಪಡಿ ರಿಜಿಸ್ಟರ್ ನೋಡಿ ಅಂತ ಟಿಪ್ಪಣಿ ಇದ್ದರೆ ಬಿಡಲೇಬೇಡಿ. ಆಕಸ್ಮಿಕ ಸಾವಾದರೆ ಸರ್ಕಾರಿ ವಕೀಲರು ವಿಚಾರಣೆ ಮಾಡಿ ಬರೆಸಿದ ವಿವರ ಅಲ್ಲಿರುತ್ತದೆ.

ಅದಕ್ಕೂ ಹಿಂದೆ

1855ಕ್ಕೂ ಮೊದಲಿನದು ಚರ್ಚಿನ ಪುಸ್ತಕ. ಇಲ್ಲಿ ಎರಡು ವಿಷಯ ಗೊತ್ತಿರಬೇಕು. ಒಂದು, ಪುಸ್ತಕ ಊರಿನ ಹೆಸರಿನಲ್ಲಿ ಇರುವುದಿಲ್ಲ, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಗುಂಪು) ಹೆಸರಿನಲ್ಲಿರುತ್ತದೆ. ಪೋರ್ಟ್‌ನಾಕಿ, ಫಿಂಡಾಕ್ಟಿ, ಬಕ್ಕಿಗಳು ರಾತ್ವೆನ್ ಪ್ಯಾರಿಷ್ಷಿನಲ್ಲಿ ಸಿಗುತ್ತವೆ. ಗಾರ್ಡನ್ಸ್‌ಟೌನ್ ಬೇಕಿದ್ದರೆ ಗ್ಯಾಮ್ರಿ ಅಂತ ಹುಡುಕಿ. ಎರಡು, 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿತು. ಆ ಕಡೆ ಹೋದವರ ಮಕ್ಕಳ ಹೆಸರು ಹಳೇ ಪುಸ್ತಕದಲ್ಲಿ ಇರದೇ ಹೋಗಬಹುದು. ಒಂದೇ ದಂಪತಿಯ 1841ರ ಮಗು ಇದೆ, 1844ರದ್ದು ಇಲ್ಲ ಅಂದರೆ ಮಗು ಹುಟ್ಟಿಲ್ಲ ಅಂತ ತೀರ್ಮಾನಿಸಬೇಡಿ.

ಮಗುವಿಗೆ ಅಪ್ಪ ಯಾರು ಅಂತ ಬರೆದಿಲ್ಲವೇ? ಚರ್ಚಿನ ಹಿರಿಯರ ಸಭೆಯ ನಡಾವಳಿ ಓದಿ. ಹೆಣ್ಣನ್ನು ಕರೆಸಿ, ಗದರಿಸಿ, ಅಪ್ಪನ ಹೆಸರು ಹೇಳಿಸಿ ಬರೆದಿಟ್ಟಿದ್ದಾರೆ. ಓದುವಾಗ ನನಗೆ ಆ ಹಿರಿಯರ ಮೇಲೆ ಸಿಟ್ಟೇ ಬರುತ್ತದೆ. ಆದರೂ ಹೆಸರು ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಗೋಜಲು ಬಿಡಿಸಲು ನಾಮಕರಣದ ಪದ್ಧತಿಯೂ ನೆರವಾಗುತ್ತದೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನದು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು, ಎರಡನೆಯವಳಿಗೆ ಅಪ್ಪನ ಅಮ್ಮನದು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು. ಒಂದೇ ಮನೆಯಲ್ಲಿ ಎರಡು ಇಸಬೆಲ್ಲಾ ಕಂಡರೆ ಮೊದಲನೆಯವಳ ಸಾವನ್ನು ಹುಡುಕಿ. ಎಲ್ಲರೂ ಈ ಪದ್ಧತಿ ಪಾಲಿಸಿದರು ಅಂತಿಲ್ಲ, ಇದನ್ನು ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ, ಪುರಾವೆ ಅಂತಲ್ಲ.

ಹೆಂಡತಿ ಅಂದರೆ ಅರ್ಧ ದೋಣಿ

ಮೀನುಗಾರ ಮೀನುಗಾರರ ಮನೆಯ ಹೆಣ್ಣನ್ನೇ ಯಾಕೆ ತರುತ್ತಿದ್ದ ಅನ್ನುವುದು ತಿಳಿದರೆ ಹುಡುಕುವುದು ಸುಲಭ. ಹ್ಯಾಡಕ್ ಮೀನು ಹಿಡಿಯುವ ಒಂದು ಸಣ್ಣ ಗಾಳದ ಹಗ್ಗದಲ್ಲಿ ಸಾವಿರಕ್ಕೂ ಮೇಲೆ ಗಾಳಗಳು. ಅಷ್ಟಕ್ಕೂ ಮಸೆಲ್ ಚಿಪ್ಪು ಒಡೆದು, ಒಳಗಿನ ಮಾಂಸ ತೆಗೆದು, ಎರೆ ಚುಚ್ಚಿ, ಹಗ್ಗ ಒಂದಕ್ಕೊಂದು ಸಿಕ್ಕಿಕೊಳ್ಳದ ಹಾಗೆ ಬುಟ್ಟಿಯಲ್ಲಿ ಸುತ್ತಿಡುವುದು ಹೆಂಡತಿ, ಮಕ್ಕಳ ಕೆಲಸ. ಗಂಡ ಸಮುದ್ರದಿಂದ ಬಂದರೆ ಮರುದಿನಕ್ಕೆ ಮತ್ತೆ ಅದೇ. ಮೀನನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಹಳ್ಳಿಹಳ್ಳಿಗೆ ಮಾರಿ ಬರುವವಳೂ ಅವಳೇ. ಆರ್ಬ್ರೋತ್ ಪಕ್ಕದ ಆಖ್ಮಿತಿಯಲ್ಲಂತೂ ಗಂಡಸರ ಕಾಲು ನೆನೆಯದಿರಲಿ ಅಂತ ಹೆಂಗಸರು ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಬಿಡುತ್ತಿದ್ದರು. ರೈತನ ಮಗಳಿಗೆ ಇದು ಒಗ್ಗುವ ಕೆಲಸವಲ್ಲ. ಹಾಗಾಗಿ ವಧು ಅದೇ ಊರಿನವಳು, ಇಲ್ಲಾ ಪಕ್ಕದ ಮೀನುಗಾರರ ಊರಿನವಳು. ಅವಳ ಹುಟ್ಟು ಸಿಗದಿದ್ದರೆ ಕರಾವಳಿಯುದ್ದಕ್ಕೂ ಆಚೀಚೆಯ ಊರು ನೋಡಿ, ಒಳನಾಡಿಗೆ ಹೋಗಬೇಡಿ.

ಜನಗಣತಿಯಲ್ಲಿ ಇವಳನ್ನು ಮೀನುಗಾರನ ಹೆಂಡತಿ ಅಂತ ಬರೆದು ಮುಗಿಸಿದ್ದಾರೆ. ಜನಗಣತಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. 1841ರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 34 ಇದ್ದವನು 30 ಆಗುತ್ತಾನೆ, ಗಾಬರಿಯಾಗಬೇಡಿ. 1911ರದ್ದು ತುಂಬಾ ಉಪಯೋಗ: ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ ಅಂತ ಗೃಹಿಣಿಯರನ್ನು ಕೇಳಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಆರು ಮಕ್ಕಳು, ಅಲ್ಲಿ ಒಂಬತ್ತು ಅಂತಿದ್ದರೆ ಇನ್ನೂ ಮೂರು ಹುಟ್ಟು ಹುಡುಕಬೇಕು.

ಗಣತಿಯ ರಾತ್ರಿ ಗಂಡ ಸಮುದ್ರದಲ್ಲಿದ್ದರೆ ಮನೆಯ ಪಟ್ಟಿಯಲ್ಲಿ ಅವನಿಲ್ಲ. ದೋಣಿಯ ಹೆಸರಿನಲ್ಲೋ ಬೇರೆ ಬಂದರಿನಲ್ಲೋ ಸಿಗಬಹುದು. 1921ರ ಗಣತಿ ಮುಂದಕ್ಕೆ ಹೋಗಿ ಜೂನ್ 19ಕ್ಕೆ ನಡೆಯಿತು. ಅದು ಹೆರ್ರಿಂಗ್ ಕಾಲ. ಆ ವರ್ಷ ಮನೆಯಲ್ಲಿ ಇಲ್ಲದವರನ್ನು ಶೆಟ್ಲೆಂಡ್ ದ್ವೀಪಗಳ ಲೆರ್ವಿಕ್ ಬಂದರಿನಲ್ಲೂ ಹುಡುಕಿ.

ಹೆಣ್ಣುಮಕ್ಕಳು ಹೋದ ದಾರಿ

ಮದುವೆಗೆ ಮೊದಲು ಈ ಊರುಗಳ ಹುಡುಗಿಯರು ಹೆರ್ರಿಂಗ್ ಹಿಂದೆ ಊರೂರು ಸುತ್ತುತ್ತಿದ್ದರು. ಬೇಸಿಗೆಯಲ್ಲಿ ಶೆಟ್ಲೆಂಡ್, ಆಮೇಲೆ ವಿಕ್, ಫ್ರೇಸರ್‌ಬರ್ಗ್, ಪೀಟರ್‌ಹೆಡ್, ಶರತ್ಕಾಲಕ್ಕೆ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಮತ್ತು ಲೋಸ್ಟಾಫ್ಟ್. ಮೂವರದ್ದು ಒಂದು ತಂಡ. ಇಬ್ಬರು ಮೀನು ಸೀಳಿ ಕರುಳು ತೆಗೆದರೆ, ಮೂರನೆಯವಳು ಪೀಪಾಯಿಯಲ್ಲಿ ಪದರಪದರವಾಗಿ ಉಪ್ಪು ಹಾಕಿ ಜೋಡಿಸುತ್ತಾಳೆ. ಮುಂಗಡ ಕೊಟ್ಟು ಇಡೀ ಸುಗ್ಗಿಗೆ ಅವರನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಚೂಪಾದ ಗಿಡ್ಡ ಚೂರಿ, ಗಾಯವಾದರೆ ಉಪ್ಪುನೀರು. ಅದಕ್ಕೇ ಬೆರಳಿಗೆಲ್ಲ ಹಿಟ್ಟಿನ ಚೀಲದ ಬಟ್ಟೆ ಹರಿದು ಸುತ್ತಿ ದಾರ ಕಟ್ಟಿಕೊಳ್ಳುತ್ತಿದ್ದರು. ಹಳೇ ಫೋಟೋಗಳಲ್ಲಿ ಆ ಬೆರಳುಗಳನ್ನು ದೊಡ್ಡದು ಮಾಡಿ ನೋಡಿ, ಕಾಣುತ್ತದೆ. ಫೋಟೋದಲ್ಲಿ ಮೂವರು ಒಟ್ಟಿಗೆ ನಿಂತಿದ್ದರೆ ಅಕ್ಕತಂಗಿಯರೋ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೋ ಇರಬಹುದು ಅಂತ ಊಹಿಸಿ ಹುಡುಕುವುದು ನನ್ನ ಅಭ್ಯಾಸ. ಹೆಚ್ಚಾಗಿ ಫಲ ಕೊಟ್ಟಿದೆ.

ಈ ಸುತ್ತಾಟ ನಿಮಗೆ ಯಾಕೆ ಮುಖ್ಯ? ಹುಡುಗ ಹುಡುಗಿ ಭೇಟಿಯಾದದ್ದು ಅಲ್ಲೇ. ಎಲ್ಲೋ ದೂರದ ಹುಡುಗಿ ಪೋರ್ಟ್‌ನಾಕಿಗೆ ಸೊಸೆಯಾಗಿ ಬಂದಿದ್ದರೆ ಹೀಗೆ ಬಂದಿರುತ್ತಾಳೆ. ಮಗು ಯಾರ್ಮತ್‌ನಲ್ಲಿ ಹುಟ್ಟಿದ್ದರೆ ಸ್ಕಾಟ್ಲೆಂಡಿನ ದಾಖಲೆಯಲ್ಲಿ ಎಷ್ಟು ತಡಕಿದರೂ ಸಿಗದು, ಇಂಗ್ಲೆಂಡಿನ ನೋಂದಣಿ ಕಚೇರಿಯಿಂದ ಪ್ರತಿ ತರಿಸಬೇಕು.

ಸಮುದ್ರದಲ್ಲಿ ಹೋದವರು

ಇದು ಎಲ್ಲ ಮೀನುಗಾರ ಮನೆಯಲ್ಲೂ ಬರುವ ಪುಟ. 1848ರ ಆಗಸ್ಟ್ 19ರ ಬಿರುಗಾಳಿಯಲ್ಲಿ ಪೂರ್ವ ಕರಾವಳಿಯಲ್ಲಿ 100 ಜನ, 124 ದೋಣಿ ಹೋದವು. ಆಗ ಕ್ಯಾಪ್ಟನ್ ವಾಷಿಂಗ್ಟನ್ ಕೊಟ್ಟ ವರದಿ ತೆರೆದ ದೋಣಿಗಳನ್ನೂ ಇಳಿತದ ಹೊತ್ತಿಗೆ ನೀರಿಲ್ಲದ ಬಂದರುಗಳನ್ನೂ ದೂರಿತು. 1881ರ ಅಕ್ಟೋಬರ್ 14ರಂದು ದಕ್ಷಿಣದ ಐಮತ್ ಸುತ್ತಮುತ್ತ 189 ಜನ ಮುಳುಗಿದರು. ಐಮತ್ ಒಂದೇ ಊರಿನವರು 129. ಅಪ್ಪ ಮಕ್ಕಳು ಒಂದೇ ದೋಣಿಯಲ್ಲಿ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ನಿಮ್ಮ ಮನೆಯವನು ಒಂದು ಗಣತಿಯಲ್ಲಿದ್ದು ಮುಂದಿನದರಲ್ಲಿ ಹೆಂಡತಿ ವಿಧವೆ ಅಂತಿದ್ದರೆ, ಊರಿನ ಸಾವಿನ ಪುಸ್ತಕದಲ್ಲೂ ಅವನಿಲ್ಲದಿದ್ದರೆ, ಹೆಣ ಸಿಕ್ಕಿಲ್ಲದಿರಬಹುದು. ಸಮುದ್ರದ ಸಾವುಗಳಿಗೆ ಪ್ರತ್ಯೇಕ ರಿಜಿಸ್ಟರ್ ಇದೆ, ಅದೂ ಅದೇ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲೂ ಇಲ್ಲದಿದ್ದರೆ ಸ್ಥಳೀಯ ಪತ್ರಿಕೆ ನೋಡಿ. ಬಕ್ಕಿಯ ಕಡೆಗೆ ಬಾನ್ಫ್‌ಶೈರ್ ಅಡ್ವರ್ಟೈಸರ್, ಪೀಟರ್‌ಹೆಡ್ ಕಡೆಗೆ ಬುಖನ್ ಅಬ್ಸರ್ವರ್. ದೋಣಿಯ ಹೆಸರು, ಆಳುಗಳ ಹೆಸರು, ಬಿಟ್ಟುಹೋದ ಮಕ್ಕಳೆಷ್ಟು ಅಂತ ಬರೆದಿರುತ್ತಾರೆ. ಜೊತೆಗೆ ಟೀ-ನೇಮ್ ಕೂಡ. ಸಮಾಧಿ ಕಲ್ಲನ್ನೂ ನೋಡಿ. ಹೆಣ ಇಲ್ಲದಿದ್ದರೂ ಹೆಂಡತಿಯ ಕಲ್ಲಿನ ಮೇಲೆ ಗಂಡನ ಹೆಸರು ಕೆತ್ತಿಸುತ್ತಿದ್ದರು. ಕಲ್ಲುಗಳ ಬರಹವನ್ನು ಆಯಾ ಕಡೆಯ ವಂಶಾವಳಿ ಸಂಘಗಳು ಪುಸ್ತಕ ಮಾಡಿವೆ. ಅಬರ್ಡೀನ್ ಮತ್ತು ಈಶಾನ್ಯ ಸ್ಕಾಟ್ಲೆಂಡಿನ ಸಂಘದ್ದು ಈ ಕೆಲಸದಲ್ಲಿ ದೊಡ್ಡ ಕೈ.

ದೋಣಿಯ ಫೋಟೋ ಇದ್ದರೆ ಮೂತಿಯ ಮೇಲಿನ ಅಕ್ಷರ ಓದಿ. ಬಿಎಫ್ ಅಂದರೆ ಬಾನ್ಫ್, ಬಿಸಿಕೆ ಅಂದರೆ ಬಕ್ಕಿ, ಪಿಡಿ ಪೀಟರ್‌ಹೆಡ್, ಎಫ್ಆರ್ ಫ್ರೇಸರ್‌ಬರ್ಗ್, ಕೆವೈ ಕರ್ಕಾಲ್ಡಿ. ಅಂಕಿಯನ್ನು ಮಾತ್ರ ನಂಬಿ ಹೊರಡಬೇಡಿ. ಹಳೇ ದೋಣಿ ಹೋದ ಮೇಲೆ ಅದೇ ಅಂಕಿಯನ್ನು ಹೊಸದಕ್ಕೆ ಕೊಡುತ್ತಿದ್ದರು. ಹಾಗಾಗಿ ವರ್ಷ ಗೊತ್ತಿರಬೇಕು. ಓಲ್ಸೆನ್ ಹೆಸರಿನ ಮೀನುಗಾರರ ಪಂಚಾಂಗದಲ್ಲಿ ದೋಣಿಗಳ ಪಟ್ಟಿ ವರ್ಷವರ್ಷವೂ ಬರುತ್ತಿತ್ತು, ಮಾಲೀಕನ ಹೆಸರು ಸಮೇತ.

ಕೆಳಗಿನ ತಲೆಮಾರು

ಮೇಲಕ್ಕೆ ಹತ್ತುವುದಕ್ಕಿಂತ ಕೆಳಗಿಳಿಯುವುದು ಕಷ್ಟ. ಜನನ ಸೂಚಿಯಲ್ಲಿ ಅಮ್ಮನ ತವರಿನ ಹೆಸರು ಕಾಣಿಸುವುದು 1929ರಿಂದ. ಅದಕ್ಕೂ ಹಿಂದಿನ ಮಕ್ಕಳಿಗೆ ಒಂದು ಉಪಾಯ ಇದೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಸುಮಾರು 1875ರವರೆಗಿನ ಜನನಗಳನ್ನು ಅಪ್ಪ ಅಮ್ಮನ ಹೆಸರಿನಿಂದಲೇ ಹುಡುಕಬಹುದು, ಪುಕ್ಕಟೆ. ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟು ದಂಪತಿಯ ಹೆಸರು ಮಾತ್ರ ಹಾಕಿ. ಮಕ್ಕಳೆಲ್ಲ ಒಂದೇ ಸಲ ಬಂದು ನಿಲ್ಲುತ್ತಾರೆ. ಅಲ್ಲಿಂದ ಮುಂದಕ್ಕೆ ಗಣತಿ ಮತ್ತು ಮಕ್ಕಳ ಮದುವೆಗಳೇ ದಾರಿ.

ಮನೆ ಯಾರ ಕೈಗೆ ಹೋಯಿತು ಅನ್ನುವುದು ಕಂದಾಯದ ಪುಸ್ತಕದಲ್ಲಿದೆ. ಮಾಲೀಕ ಯಾರು, ವಾಸ ಯಾರು, ಬಾಡಿಗೆ ಎಷ್ಟು, ಎಲ್ಲ. ಗಣತಿ ಹತ್ತು ವರ್ಷಕ್ಕೊಮ್ಮೆ ಆದರೆ ಇದು 1855ರಿಂದ ವರ್ಷವರ್ಷ ಬರೆದದ್ದು. ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲಿ 1855, 1865, 1875 ಹೀಗೆ ಹತ್ತರ ಅಂತರದಲ್ಲಿ ಹಾಕಿದ್ದಾರೆ, ಅಂದರೆ ಎರಡು ಗಣತಿಗಳ ನಡುವೆ ಸರಿಯಾಗಿ ಬೀಳುತ್ತದೆ. ಉಯಿಲುಗಳು 1925ರವರೆಗೆ ಸಿಗುತ್ತವೆ. ದೋಣಿಯ ಪಾಲು, ಬಲೆಗಳ ಬೆಲೆ ಕಟ್ಟಿದ ಪಟ್ಟಿ ಅದರ ಜೊತೆ ಇದ್ದರೆ ಯಾವ ಮಗ ಕಸುಬು ಮುಂದುವರಿಸಿದ ಅಂತ ತಿಳಿಯುತ್ತದೆ.

ಮೊದಲ ಮಹಾಯುದ್ಧಕ್ಕೆ ಹೋದ ಮೀನುಗಾರರನ್ನು ಸೇನೆಯಲ್ಲಲ್ಲ, ನೌಕಾಪಡೆಯ ಮೀಸಲು ದಳದಲ್ಲಿ ಹುಡುಕಿ. ಅವರ ದೋಣಿಗಳನ್ನೇ ಬಾಡಿಗೆಗೆ ತೆಗೆದುಕೊಂಡು ಶತ್ರುಗಳು ಸಮುದ್ರದಲ್ಲಿ ಬಿಟ್ಟ ಸಿಡಿಗುಂಡು (ಮೈನ್) ತೆಗೆಯಲು, ಜಲಾಂತರ್ಗಾಮಿ ತಡೆಯಲು ಕಳಿಸಿದರು. 1917ರ ಮೇ 15ರಂದು ಇಟಲಿ ಬಳಿಯ ಒಟ್ರಾಂಟೊ ಜಲಸಂಧಿಯಲ್ಲಿ ಆಸ್ಟ್ರಿಯಾದ ಯುದ್ಧನೌಕೆ ದೋಣಿ ನಿಲ್ಲಿಸಿ ಬಿಟ್ಟುಹೋಗು ಅಂದಾಗ ತಿರುಗಿಬಿದ್ದು ವಿಕ್ಟೋರಿಯಾ ಕ್ರಾಸ್ ಪಡೆದ ಜೋಸೆಫ್ ವಾಟ್ ಗಾರ್ಡನ್ಸ್‌ಟೌನಿನವರು. ಅವರ ಗೋವನ್‌ಲೀ ಒಂದು ಹೆರ್ರಿಂಗ್ ದೋಣಿ ಅಷ್ಟೆ. ಈ ದಳದವರ ಸೇವಾ ದಾಖಲೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಬಿಟಿ 377 ಅನ್ನುವ ಸರಣಿಯಲ್ಲಿದೆ.

ಯುದ್ಧದ ನಂತರ ಜರ್ಮನಿ, ರಷ್ಯಾದ ಹೆರ್ರಿಂಗ್ ಮಾರುಕಟ್ಟೆ ಕುಸಿಯಿತು. ಮೊಮ್ಮಕ್ಕಳು ಅಬರ್ಡೀನಿನ ಟ್ರಾಲರ್‌ಗಳಿಗೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. 1920ರ ದಶಕದಲ್ಲಿ ಮನೆಯವರು ಒಮ್ಮೆಲೇ ಕಾಣೆಯಾದರೆ ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ.

ಆನ್‌ಲೈನ್‌ನಲ್ಲಿ ಹುಟ್ಟು 100 ವರ್ಷ, ಮದುವೆ 75, ಸಾವು 50 ವರ್ಷ ದಾಟಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಈಚಿನದು ಬೇಕಿದ್ದರೆ ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟಿನ ಪೂರ್ವ ತುದಿಯಲ್ಲಿ ಜನರಲ್ ರಿಜಿಸ್ಟರ್ ಹೌಸ್ ಇದೆ. ದಿನದ ಶುಲ್ಕ ಕಟ್ಟಿ ಕೂತರೆ ಅಲ್ಲಿ ಈಚಿನ ದಾಖಲೆಗಳನ್ನೂ ನೋಡಬಹುದು. ಸೀಟು ಮೊದಲೇ ಕಾದಿರಿಸಿ, ಹುಡುಕಬೇಕಾದ ಜೋಡಿಗಳ ಪಟ್ಟಿ ಬರೆದುಕೊಂಡು ಹೋಗಿ. ಬದುಕಿರುವವರ ಹುಟ್ಟಿದ ದಿನ, ವಿಳಾಸ ಮಾತ್ರ ಎಲ್ಲೂ ಹಾಕಬೇಡಿ, ನೆಂಟರು ಕೇಳಿದರೂ.

ಫೈಫ್ ಪ್ರಾಂತ್ಯದ ಕಡೆಯವರಾದರೆ ಆನ್‌ಸ್ಟ್ರದರ್‌ನ ಸ್ಕಾಟಿಷ್ ಫಿಶರೀಸ್ ಮ್ಯೂಸಿಯಂ ಅನ್ನೂ ಸೇರಿಸಿಕೊಳ್ಳಿ. ಅವರ ರೀಪರ್ 1902ರಲ್ಲಿ ಕಟ್ಟಿದ, ಫೈಫಿ ಅನ್ನುವ ಬಗೆಯ ಹಾಯಿದೋಣಿ. ಅದರ ಮುಂದೆ ನಿಂತರೆ ಆರೇಳು ಜನ ಎಷ್ಟು ಜಾಗದಲ್ಲಿ ಮಲಗುತ್ತಿದ್ದರು ಅಂತ ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ಹೋಗುವ ಮುಂಚೆ ದೋಣಿ ಬಂದರಿನಲ್ಲಿ ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿಕೊಳ್ಳಿ.